ಒಲೆಯ ಲೆಕ್ಕ, ಬಾಗಿಲ ಲೆಕ್ಕ

ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷಕ್ಕೆ ವ್ಯಾನಿನಲ್ಲಿದ್ದ ಏಳು ಜನರಲ್ಲಿ ಐವರು ನಿದ್ದೆ ಹೋಗಿದ್ದರು. ಎಚ್ಚರವಿದ್ದವರು ಇಬ್ಬರು: ವ್ಯಾನು ಓಡಿಸುತ್ತಿದ್ದ ಪಾ ವಾ, ಹಿಂದಿನ ಸಾಲಿನಲ್ಲಿ ಕೂತಿದ್ದ ಲಾವಣ್ಯ.

ಫೆಬ್ರುವರಿ. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ವ್ಯಾನು ಶಿಕಾಗೋ ಹತ್ತಿರದ ವೀಟನ್ ಊರಿನಿಂದ ಹೊರಟು ಪಶ್ಚಿಮಕ್ಕೆ, ಡಿಕಾಲ್ಬ್ ಆಚೆಗಿನ ಒಂದು ಮಾಂಸದ ಕಾರ್ಖಾನೆಗೆ ಹೋಗುತ್ತಿತ್ತು. ಒಂದು ಕಡೆಗೆ ನಲವತ್ತೈದು ಮೈಲಿ. ಆ ದಾರಿಗೆ ಬಸ್ಸಿಲ್ಲ, ರೈಲಿಲ್ಲ. ಕಿಟಕಿಗಳ ಮೇಲೆ ಮಲಗಿದವರ ಉಸಿರು ಕೂತು ಗಾಜು ಹಾಲಿನ ಬಣ್ಣಕ್ಕೆ ತಿರುಗಿತ್ತು. ಲಾವಣ್ಯ ಅಂಗೈಯಲ್ಲಿ ಒಂದಿಷ್ಟು ಒರೆಸಿ ನೋಡಿದಳು. ದೂರದ ಬಯಲಿನಲ್ಲಿ ಗಾಳಿಯಂತ್ರಗಳ ತುದಿಯ ಕೆಂಪು ದೀಪಗಳು ಎಲ್ಲ ಒಟ್ಟಿಗೆ ಹೊತ್ತಿಕೊಂಡು, ಎಲ್ಲ ಒಟ್ಟಿಗೆ ಆರುತ್ತಿದ್ದವು. ಕಂಬಗಳು ಕಾಣುತ್ತಿರಲಿಲ್ಲ. ಕತ್ತಲೆಯೇ ಕಣ್ಣು ಮಿಟುಕಿಸುತ್ತಿರುವಂತೆ ಇತ್ತು.

ಪಾ ವಾ ಬರ್ಮಾದ ಕರೆನ್ ಸಮುದಾಯದವಳು. ಥಾಯ್ಲೆಂಡ್ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಹತ್ತು ವರ್ಷದ ಹಿಂದೆ ಇಲ್ಲಿಗೆ ಬಂದವಳು. ನಿದ್ದೆ ಬರದಿರಲೆಂದು ದಾರಿಯುದ್ದಕ್ಕೂ ಎಲೆ ಅಡಿಕೆ ಜಗಿಯುತ್ತಿದ್ದಳು. ಸುಣ್ಣದ ವಾಸನೆ ಹೀಟರಿನ ಬಿಸಿಗೆ ವ್ಯಾನಿನ ತುಂಬ ಹರಡಿತ್ತು. ಮೂರನೇ ಗೇರಿನಿಂದ ನಾಲ್ಕಕ್ಕೆ ಹೋಗುವಾಗ ವ್ಯಾನು ಒಮ್ಮೆ ನಡುಗಿ, ಯೋಚಿಸಿ, ಆಮೇಲೆ ಮುಂದೆ ಹೋಗುತ್ತಿತ್ತು. ಟ್ರಾನ್ಸ್‌ಮಿಷನ್ ಹೋಗಿದೆ, ರಿಪೇರಿ ಮಾಡಿಸಿದರೆ ದಂಡ ಎಂದು ಮೆಕ್ಯಾನಿಕ್ ಹೇಳಿದ್ದ.

ಲಾವಣ್ಯಳ ಹತ್ತಿರ ಕೊಡಲು ಒಂದು ಹಳೆಯ ಮಿನಿವ್ಯಾನು ಇತ್ತು. ಅವಳು ವೆಸ್ಟ್‌ಮಂಟ್‌ನವಳು, ಡೌನರ್ಸ್ ಗ್ರೋವ್‌ನ ವಿಮಾ ಕಂಪನಿಯೊಂದರಲ್ಲಿ ಅಂಕಿ ಅಂಶ ನೋಡುವ ಕೆಲಸ. ಶನಿವಾರ ಲೈಬ್ರರಿಯಲ್ಲಿ ವಲಸಿಗರಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಕ್ಲಾಸಿನಲ್ಲಿ ವ್ಯಾನಿನ ವಿಷಯ ಹೇಳಿದಾಗ ಎರಡು ಕೈ ಮೇಲೆದ್ದವು. ಒಂದು ಪಾ ವಾಳದು. ಇನ್ನೊಂದು ಕೊಲಂಬಿಯಾದ ನೊಹೋರಾಳದು. ಇಬ್ಬರಲ್ಲಿ ಯಾರಿಗೆ ಹೆಚ್ಚು ಅಗತ್ಯ ಎಂದು ಕೂತು ನಿರ್ಧರಿಸುವ ಬದಲು, ಇಬ್ಬರ ಜೊತೆಯೂ ಒಂದೊಂದು ಸಲ ಕೆಲಸಕ್ಕೆ ಹೋಗಿ ನೋಡುತ್ತೇನೆ ಎಂದು ಅವಳು ಹೇಳಿದ್ದಳು. ನೋಡಲು ಬಂದವಳ ಭುಜದ ಮೇಲೆ ಈಗ ಪಕ್ಕದ ಮುದುಕಿಯ ತಲೆ ನಿಧಾನವಾಗಿ ಒರಗಿತು. ಪಾ ವಾಳ ಚಿಕ್ಕಮ್ಮ. ಲಾವಣ್ಯ ಅಲುಗಾಡದೆ ಕೂತಳು. ಕೆಂಪು ದೀಪಗಳು ಹೊತ್ತಿದವು, ಆರಿದವು. ಆಮೇಲೆ ಅವಳಿಗೆ ಕಂಡದ್ದು ನಂಜನಗೂಡಿನ ಬಸ್ಸು. ಅದರ ಎಲ್ಲ ಸೀಟಿನಲ್ಲೂ ಬಿಳಿ ಟೋಪಿ, ರಬ್ಬರ್ ಬೂಟು ಹಾಕಿದ ಹೆಂಗಸರು ಕೂತಿದ್ದರು. ಕಂಡಕ್ಟರ್ ಯಾರನ್ನೂ ಎಬ್ಬಿಸದೆ ಟಿಕೆಟ್ಟುಗಳನ್ನು ಅವರವರ ಮಡಿಲಲ್ಲಿ ಇಟ್ಟು ಹೋಗುತ್ತಿದ್ದ.

ಎಚ್ಚರವಾದಾಗ ವ್ಯಾನು ಕಾರ್ಖಾನೆಯ ಗೇಟಿನಲ್ಲಿ ನಿಂತಿತ್ತು. ಐವರೂ ಆಗಲೇ ಇಳಿದಿದ್ದರು. ಪಾ ವಾ ಮುಂದಿನ ಸೀಟಿನಿಂದ ತಿರುಗಿ ನೋಡುತ್ತಿದ್ದಳು.

"ಟೀಚರ್, ನೀವೂ ಮಲಗಿದ್ರಿ" ಎಂದಳು ಇಂಗ್ಲಿಷಿನಲ್ಲಿ. "ಎಲ್ಲಾರೂ ಮಲಗ್ತಾರೆ. ನಾನೊಬ್ಬಳು ಮಲಗೋ ಹಾಗಿಲ್ಲ."

ಹಿಂದೆ ದೇವೇಂದ್ರ ಅಂಕಲ್ ಕಾರು ಬಂದು ನಿಂತಿತ್ತು. ಲಾವಣ್ಯಳನ್ನು ವಾಪಸ್ ಕರೆದೊಯ್ಯಲೆಂದು ಅಷ್ಟು ದೂರ ಹಿಂಬಾಲಿಸಿಕೊಂಡು ಬಂದಿದ್ದರು. ಧಾರವಾಡದವರು, ನಿವೃತ್ತರು, ಅದೇ ಲೈಬ್ರರಿಯಲ್ಲಿ ಗಣಿತ ಹೇಳಿಕೊಡುವವರು.

"ನಿದ್ದಿ ಹತ್ತಿತ್ತೇನ್ರಿ?" ಎಂದರು ಕಾರು ತಿರುಗಿಸುತ್ತಾ.

"ಇಲ್ಲ ಅಂಕಲ್."

"ಕೆನ್ನಿ ಮ್ಯಾಲ ಸೀಟಿನ ಗೆರಿ ಮೂಡ್ಯಾವ."

ಲಾವಣ್ಯ ಕೆನ್ನೆ ಮುಟ್ಟಿ ನೋಡಿಕೊಂಡಳು. ಬೆನ್ನ ಹಿಂದೆ ಇದ್ದ ಕತ್ತಲೆ ಹಾಗೆಯೇ ಇತ್ತು, ಮುಂದೆ ಶಿಕಾಗೋ ಕಡೆಯ ಆಕಾಶ ಬೂದಿ ಬಣ್ಣಕ್ಕೆ ಬರುತ್ತಿತ್ತು.

"ಸರ್ಕಾರದ ಸೆನ್ಸಸ್ ಟೇಬಲ್ ಎಲ್ಲಾ ನೋಡ್ದೆ ಅಂಕಲ್" ಎಂದಳು. "ದೇಶದ ಲೆಕ್ಕದಲ್ಲಿ ಬರ್ಮಾದವರಲ್ಲಿ ಬಡತನ ಜಾಸ್ತಿ, ಕೊಲಂಬಿಯಾದವರಲ್ಲಿ ಓದಿದವರು ಜಾಸ್ತಿ. ಅದರಲ್ಲಿ ಡೌಟಿಲ್ಲ. ಶಿಕಾಗೋ, ಡೆಟ್ರಾಯ್ಟ್ ಅಂತ ಬಿಡಿಸಿ ನೋಡೋಕೆ ಹೋದ್ರೆ ಸ್ಯಾಂಪಲ್ಲೇ ಸಾಲಲ್ಲ. ಸರಿಸುಮಾರು ಅಂತ ಹೇಳೋಕೂ ಆಗಲ್ಲ."

"ದೇಶಾ ಬಿಡ್ರಿ. ಈ ಎರಡ ಮನಿ ಹೇಳ್ರಿ."

"ಪಾ ವಾ ಮನೇಲಿ ಒಂಬತ್ತು ಜನ. ದುಡಿಯೋರು ನಾಲ್ಕು. ವ್ಯಾನಲ್ಲಿ ಇನ್ನಿಬ್ಬರು ಇದ್ರಲ್ಲ, ಅವರು ಪಕ್ಕದ ಅಪಾರ್ಟ್‌ಮೆಂಟಿನವರು. ನೊಹೋರಾ ಮನೇಲಿ ಅವಳು, ಮಗ, ಇಬ್ಬರೇ. ಮನೆ ಆದಾಯ ನೋಡಿದ್ರೆ ಪಾ ವಾದು ಮೂರು ಪಟ್ಟಿಗಿಂತ ಜಾಸ್ತಿ. ತಲೆಗೆ ಹಾಕಿದ್ರೆ ನೊಹೋರಾದು ಒಂಚೂರು ಜಾಸ್ತಿ."

"ಅಂದ್ರ ಭಾಗಾಕಾರ ಮಾಡಿದ್ರ ಒಬ್ರು ಬಡವ್ರು, ಮಾಡದಿದ್ರ ಇನ್ನೊಬ್ರು ಬಡವ್ರು. ಭಾರೀ ಛಲೋ ಆತು." ಅವರು ಕಾರನ್ನು ಹೆದ್ದಾರಿಗೆ ತಿರುಗಿಸಿದರು. "ನಮ್ಮಪ್ಪ ಮಾಸ್ತರು. ಜನಗಣತಿಗೆ ಹ್ವಾದಾಗ ಒಲಿ ಎಷ್ಟು ಅಂತ ಕೇಳ್ತಿದ್ರು. ಒಂದ ವಾಡೇದಾಗ ಮೂರು ಒಲಿ ಉರದ್ರ ಮೂರು ಕುಟುಂಬ ಅಂತ ಬರಕೋತಿದ್ರು. ಇಲ್ಲಿ ಬಾಗಲಾ ಎಣಸ್ತಾರ. ನೀವು ಯಾವದು ಎಣಸ್ತೀರಿ?"

"ಅವರ ಮನೇಲಿ ಒಲೆ ಒಂದೇ ಅಂಕಲ್. ಪಕ್ಕದ ಇಬ್ಬರೂ ಅಲ್ಲೇ ಉಣ್ಣೋದು."

"ಹಂಗಾರ ಹನ್ನೊಂದ ಮಂದಿ. ನಿಮ್ಮ ಲೆಕ್ಕ ಮತ್ತ ತಪ್ಪಿತು."

ಗುರುವಾರ ಲಾವಣ್ಯ ಬರ್ವಿನ್ ನಿಲ್ದಾಣದಲ್ಲಿ ನೊಹೋರಾಳ ಜೊತೆ ರೈಲು ಹತ್ತಿದಳು. ನೊಹೋರಾ ಮನಿಸಾಲೆಸ್ ಎಂಬ ಬೆಟ್ಟದ ಊರಿನವಳು. ಅಲ್ಲಿ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದಳು. ಆಶ್ರಯದ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ, ಕೆಲಸದ ಅನುಮತಿ ಸಿಕ್ಕಿದೆ. ಡೌನರ್ಸ್ ಗ್ರೋವ್‌ನ ನಿಲ್ದಾಣಕ್ಕೆ ಹತ್ತಿರದ ಎರಡು ಆಫೀಸುಗಳನ್ನು ಸಂಜೆ ಗುಡಿಸಿ ಒರೆಸುತ್ತಾಳೆ. ಅವಳ ವ್ಯಾಕ್ಯೂಮ್ ಕ್ಲೀನರ್ ನೀಲಿ ಕಂಬಳಿ ಸುತ್ತಿಕೊಂಡು ತೊಡೆಯ ಮೇಲಿತ್ತು.

ಟಿಕೆಟ್ ನೋಡಲು ಬಂದ ಕಂಡಕ್ಟರ್ ಬಗ್ಗಿ ಪಿಸುದನಿಯಲ್ಲಿ ಕೇಳಿದ: "ಇವತ್ತು ಅಳ್ತಿಲ್ವಾ?"

"ಈಗ ತಾನೇ ಮಲಗಿದೆ" ಎಂದಳು ನೊಹೋರಾ, ಅಷ್ಟೇ ಮೆಲ್ಲಗೆ. ಇದು ಅವರ ದಿನದ ಆಟ ಎಂದು ಲಾವಣ್ಯಳಿಗೆ ಆಮೇಲೆ ಗೊತ್ತಾಯಿತು.

ರೈಲು ಹಿಮದ ಅಂಗಳಗಳ ಹಿಂದಿನಿಂದ ಸಾಗಿತು. ಮುಚ್ಚಿಟ್ಟ ಬಾರ್ಬೆಕ್ಯೂಗಳು, ಅರ್ಧ ಹೂತ ಜಾರುಬಂಡಿ, ಒಣಹಾಕಿ ಮರೆತ ಒಂದು ಅಂಗಿ, ಹೆಪ್ಪುಗಟ್ಟಿ ತೋಳು ಚಾಚಿ ನಿಂತಿದ್ದದ್ದು. ಮನಿಸಾಲೆಸ್‌ನಲ್ಲಿ ಕಣಿವೆಯ ಮೇಲೆ ತಂತಿಯಲ್ಲಿ ತೂಗುವ ಡಬ್ಬಿಗಳಿವೆ, ಕೆಲಸಕ್ಕೆ ಅದರಲ್ಲಿ ಹೋಗುತ್ತಿದ್ದೆ, ಕೆಲವು ಬೆಳಿಗ್ಗೆ ಮೋಡದೊಳಗೆ ಹತ್ತಿ ಮೋಡದೊಳಗೇ ಇಳಿಯುತ್ತಿದ್ದೆ ಎಂದು ನೊಹೋರಾ ಹೇಳಿದಳು.

"ಈ ರೈಲಲ್ಲಿ ನಿದ್ದೆ ಬರಲ್ವಾ?" ಎಂದು ಲಾವಣ್ಯ ಕೇಳಿದಳು.

"ಮಲಗಿದ್ರೆ ಎಬ್ಬಿಸೋರು ಯಾರು?"

ಮಾರ್ಚ್ ಒಂದರಿಂದ ಮೂರು ದಂತ ಚಿಕಿತ್ಸಾಲಯಗಳನ್ನು ಶುಚಿಮಾಡುವ ಕೆಲಸ ನೊಹೋರಾಳಿಗೆ ಸಿಕ್ಕಿತ್ತು. ಮೂರೂ ರೈಲು ಹೋಗದ ಕಡೆ ಇವೆ. ಗಾಡಿ ಇದೆ ಎಂದು ಹೇಳಿ ಒಪ್ಪಿಕೊಂಡುಬಿಟ್ಟಿದ್ದಾಳೆ.

"ಸುಳ್ಳು ಹೇಳಿದ್ರಾ?"

"ಸ್ವಲ್ಪ ಬೇಗ ಹೇಳಿದೆ."

ಊಟದ ಮಾತು ಬಂತು. ಬರ್ವಿನ್‌ನಲ್ಲಿ ಅವಳು ಒಂದು ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದಾಳೆ. ಅಡುಗೆಮನೆ ಮೇಲೆ, ಮಾಲೀಕಳದು. ಸಂಜೆ ಆರರ ಮೇಲೆ ಒಲೆ ಮುಟ್ಟುವಂತಿಲ್ಲ. ಹಾಗಾಗಿ ಮಧ್ಯಾಹ್ನವೇ ಬೇಯಿಸಿ, ಮಗನ ತಟ್ಟೆಯನ್ನು ಹಾಸಿಗೆಯ ಹೊದಿಕೆಯೊಳಗೆ ಇಟ್ಟು ಬರುತ್ತಾಳೆ. ಬೆಚ್ಚಗಿರುತ್ತದೆ. ಮಗ ಕೆಲವೊಮ್ಮೆ ಊಟದ ಪಕ್ಕದಲ್ಲೇ ಮಲಗಿಬಿಡುತ್ತಾನೆ.

ದೇವೇಂದ್ರ ಅಂಕಲ್‌ಗೆ ಆ ರಾತ್ರಿ ಲಾವಣ್ಯ ಮೆಸೇಜ್ ಹಾಕಿದಳು: ಒಲೆ ಎಣಿಸಿದರೆ ನೊಹೋರಾ ಲೆಕ್ಕಕ್ಕೇ ಬರುವುದಿಲ್ಲ. ಉತ್ತರ ಬೆಳಿಗ್ಗೆ ಬಂತು: ಎರಡು ದಿನಾ ಬಿಟ್ಟು ತೀರ್ಮಾನ ಮಾಡ್ರಿ.

ಶನಿವಾರ ಕ್ಲಾಸಿಗೆ ರಜೆ ಕೊಟ್ಟು ಅವಳೂ ಮಗಳು ಇಶಾಳೂ ಶಿಕಾಗೋದಿಂದ ಪಾಂಟಿಯಾಕ್‌ಗೆ ರೈಲಿನಲ್ಲಿ ಹೋದರು. ಲಾವಣ್ಯಳ ಗಂಡ ನಿರಂಜನ್‌ಗೆ ಎರಡು ವರ್ಷದಿಂದ ಡೆಟ್ರಾಯ್ಟ್ ಹತ್ತಿರ, ಪಾಂಟಿಯಾಕ್ ಪಕ್ಕದ ಆಬರ್ನ್ ಹಿಲ್ಸ್‌ನಲ್ಲಿ ಕೆಲಸ. ಎರಡು ವಾರಕ್ಕೊಮ್ಮೆ ವೆಸ್ಟ್‌ಮಂಟ್‌ಗೆ ಬರುತ್ತಾನೆ. ಈಗ ಹೊಸ ಕಾರು ಕೊಂಡಿದ್ದರಿಂದ ಹಳೆಯ ವ್ಯಾನು ಅವನ ಅಪಾರ್ಟ್‌ಮೆಂಟಿನ ಮುಂದೆ ಹಿಮ ಹೊದ್ದು ನಿಂತಿತ್ತು. ಕೆಳಗೆ ವ್ಯಾನೇ ಇದೆಯೋ ಇಲ್ಲವೋ ಎನ್ನುವಷ್ಟು ಹಿಮ. ಮೂವರೂ ಪೊರಕೆ ಹಿಡಿದು ಗುಡಿಸಿದರು.

"ಇಬ್ಬರೂ ಹಂಚ್ಕೊಂಡ್ರೆ ಆಗಲ್ವಾ?" ಎಂದ ನಿರಂಜನ್.

"ಒಬ್ಬಳು ವೀಟನ್‌ನಲ್ಲಿ, ಒಬ್ಬಳು ಬರ್ವಿನ್‌ನಲ್ಲಿ. ಇನ್ಶೂರೆನ್ಸ್ ಯಾರ ಹೆಸರಲ್ಲಿ ಮಾಡ್ಸೋದು? ದಿನಾ ಬೆಳಿಗ್ಗೆ ಕೀ ತಗೊಂಡ್ಹೋಗಿ ಕೊಡೋರು ಯಾರು, ನೀವಾ?"

"ನಾನು ಬರೀ ಕೇಳ್ದೆ ಮಾರಾಯ್ತಿ."

ವಾಪಸ್ ಬರುವಾಗ ಕಲಮಜೂ ಊರು ದಾಟಿದ ಮೇಲೆ ದೊಡ್ಡ ಸರೋವರದ ಕಡೆಯಿಂದ ಬೀಸುವ ಹಿಮ ಶುರುವಾಯಿತು. ಹಾರುತ್ತಾ ಬಂದ ಬಿಳುಪು ಗಾಜಿಗೆ ಅಪ್ಪಳಿಸದೆ ಎರಡೂ ಕಡೆಗೆ ಬಾಗಿ ಹೋಗುತ್ತಿತ್ತು. ವ್ಯಾನು ನಿಂತಲ್ಲೇ ನಿಂತು, ದಾರಿಯೇ ಹರಿದು ಬರುತ್ತಿರುವಂತೆ ಅನಿಸಿತು. ಮುಂದಿನ ಲಾರಿಯ ಹಿಂಬದಿಯ ದೀಪಗಳು ಮಾತ್ರ ಇದ್ದವು, ಅವೂ ಕೆಲವೊಮ್ಮೆ ಇರಲಿಲ್ಲ.

"ಅಮ್ಮಾ, ಜಸ್ಟ್ ಟಾಸ್ ಅ ಕಾಯಿನ್" ಎಂದಳು ಇಶಾ. ಅವಳಿಗೆ ಹನ್ನೆರಡು.

"ಕಾಯಿನ್‌ಗೆ ಏನು ಗೊತ್ತು?"

"ವಾಟ್ ಡು ಯು ನೋ?"

ಲಾವಣ್ಯ ಯೋಚಿಸಿದಳು. ತನಗೆ ಗೊತ್ತಿದ್ದದ್ದು ಇಷ್ಟು. ಪಾ ವಾಳ ವ್ಯಾನು ಕೆಡಬಹುದು, ಆದರೆ ಇವತ್ತು ಓಡುತ್ತಿದೆ. ಗಾಡಿ ಇಲ್ಲದಿದ್ದರೆ ನೊಹೋರಾಳ ಕೆಲಸ ಮಾರ್ಚ್ ಒಂದಕ್ಕೆ ಹೋಗುತ್ತದೆ, ಅದು ಖಚಿತ. ಪಾ ವಾಳ ಮನೆಯಲ್ಲಿ ಒಬ್ಬರು ಬಿದ್ದರೆ ಹಿಡಿಯಲು ಎಂಟು ಜನ ಇದ್ದಾರೆ. ನೊಹೋರಾಳ ಮನೆಯಲ್ಲಿ ಒಬ್ಬ ಹುಡುಗ ಇದ್ದಾನೆ, ಅವನೂ ಊಟದ ಪಕ್ಕ ಮಲಗಿರುತ್ತಾನೆ. ಇಷ್ಟಾದರೂ ಮನಸ್ಸು ಪಾ ವಾಳ ಕಡೆಗೇ ವಾಲುತ್ತಿತ್ತು. ಅದಕ್ಕೆ ಕಾರಣವೂ ಅವಳಿಗೆ ಗೊತ್ತಿತ್ತು. ನಿರಂಜನ್ ಹೋದಾಗಿನಿಂದ ಅಷ್ಟು ಗಾಢವಾಗಿ ಅವಳು ನಿದ್ದೆ ಮಾಡಿದ್ದು ಆ ವ್ಯಾನಿನಲ್ಲಿ ಮಾತ್ರ. ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲು ಆಗುವುದಿಲ್ಲ.

"ನೊಹೋರಾಗೆ ಕೊಡ್ತೀನಿ" ಎಂದಳು.

"ಓಕೆ. ಹೂ ಟೆಲ್ಸ್ ದಿ ಅದರ್ ಲೇಡಿ?"

ಭಾನುವಾರ ಮಧ್ಯಾಹ್ನ ಲಾವಣ್ಯ ವೀಟನ್‌ಗೆ ಹೋದಳು. ಬಾಗಿಲ ಹೊರಗೆ ಚಪ್ಪಲಿ, ಬೂಟುಗಳ ರಾಶಿ. ಪಾ ವಾ ಬಾಗಿಲು ತೆರೆದು ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಪರದೆ ಎಳೆದಿತ್ತು. ಚಾಪೆಗಳ ಮೇಲೆ, ಸೋಫಾದ ಮೇಲೆ, ಬಾಗಿಲು ತೆರೆದ ಎರಡು ಕೋಣೆಗಳಲ್ಲಿ ಎಲ್ಲರೂ ಮಲಗಿದ್ದರು. ಒಬ್ಬರ ಉಸಿರು ನಿಂತಲ್ಲಿ ಇನ್ನೊಬ್ಬರದು ಶುರುವಾಗುತ್ತಿತ್ತು. ಪರದೆಯ ಕೆಂಪು ಬಣ್ಣ ಎಲ್ಲರ ಮುಖದ ಮೇಲೆ ಬಿದ್ದು, ಮನೆ ನೀರಿನ ಕೆಳಗಿರುವ ಹಾಗೆ ಕಾಣುತ್ತಿತ್ತು. ಇಬ್ಬರೂ ಕಾಲು ಎತ್ತಿ ಎತ್ತಿ ಇಟ್ಟು ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ನೆಲದ ಮೇಲೆ ಕೂತರು.

ಲಾವಣ್ಯ ವಿಷಯ ಹೇಳಿದಳು. ಪಿಸುಮಾತಿನಲ್ಲಿ ಹೇಳಿದ್ದರಿಂದ ಅದು ಮಾತಿಗಿಂತ ಹೆಚ್ಚು ಗಟ್ಟಿಯಾಗಿ ಕೇಳಿಸಿತು.

ಪಾ ವಾ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡಳು. "ಅವರ ಮನೇಲಿ ಎಷ್ಟು ಜನ?"

"ಇಬ್ಬರು."

"ನಮ್ಮಲ್ಲಿ ಕೆಲಸಕ್ಕೆ ಹೋಗೋರು ಜಾಸ್ತಿ ಇರೋದಕ್ಕೆ ನಮಗೆ ಇಲ್ಲ ಅಂದ್ರಾ?"

"ಅದಕ್ಕಲ್ಲ. ನಿಮ್ಮ ವ್ಯಾನ್ ಇನ್ನೂ ಓಡ್ತಿದೆ."

"ಮುಂದಿನ ಸಲ ಕೆಟ್ಟ ಮೇಲೆ ಕೈ ಎತ್ತುತ್ತೀನಿ, ಟೀಚರ್." ಅವಳು ನಗಲಿಲ್ಲ. ಮಡಿಸಿದ ಎಲೆಯನ್ನು ಲಾವಣ್ಯಳ ಅಂಗೈಯಲ್ಲಿಟ್ಟಳು, ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡಳು. "ನೀವು ಯೋಚನೆ ಮಾಡಿ ಮಾಡಿದ್ದೀರಿ. ಅದು ಸರಿ. ಆದರೆ ಆ ಗೇರ್ ನಡುಗಿದಾಗ ಹಿಂದೆ ಮಲಗಿರೋರಿಗೆ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತೆ. ದಿನಾ. ನನ್ನ ಮಾವ ಪಾಂಟಿಯಾಕ್‌ನಲ್ಲಿದ್ದಾನೆ. ಕಾರಿನ ಸೀಟು ಹೊಲಿಯೋ ಕಾರ್ಖಾನೆ, ಮನೆಯಿಂದ ನಡೆದು ಹೋಗ್ತಾನೆ. ಬನ್ನಿ ಬನ್ನಿ ಅಂತ ಒಂದು ವರ್ಷದಿಂದ ಕರೀತಿದ್ದಾನೆ. ಮಕ್ಕಳಿಗೆ ಈ ಸ್ಕೂಲು ಇಷ್ಟ ಅಂತ ತಡೆದಿದ್ದೆ."

ಪಡಸಾಲೆಯಲ್ಲಿ ಯಾರೋ ಮಗ್ಗುಲು ಬದಲಿಸಿದರು. ಎಲೆ ಜಗಿದು ಮುಗಿಯುವವರೆಗೆ ಲಾವಣ್ಯ ಅಲ್ಲೇ ಕೂತಿದ್ದಳು.

ನೊಹೋರಾ ಮಾರ್ಚ್ ಒಂದರಂದು ಮೂರೂ ಚಿಕಿತ್ಸಾಲಯಗಳ ಕೆಲಸ ಶುರುಮಾಡಿದಳು. ಅದೇ ತಿಂಗಳ ಕೊನೆಯ ಶನಿವಾರ ಪಾ ವಾಳ ಮನೆಯ ಒಂಬತ್ತೂ ಜನ ಅವಳ ವ್ಯಾನಿನಲ್ಲೇ ಪಾಂಟಿಯಾಕ್‌ಗೆ ಹೋಗಿ ನೆಲೆಸಿದರು. ಪಕ್ಕದ ಅಪಾರ್ಟ್‌ಮೆಂಟಿನ ಇಬ್ಬರು ವೀಟನ್‌ನಲ್ಲೇ ಉಳಿದರು. ಕಾರ್ಖಾನೆಗೆ ಹೋಗಲು ಅವರಿಗೆ ಗಾಡಿ ಇರಲಿಲ್ಲ. ಏಪ್ರಿಲ್ ಎರಡನೇ ವಾರ ಅವರು ಕೆಲಸ ಬಿಟ್ಟರು.