ಆರರ ಎಣಿಕೆ

"ಒಂಬತ್ತು ಸಾವಿರ ಅಡಿ!" ಎಂದು ವಿಮಾನ ನಡೆಸುತ್ತಿದ್ದ ವರಲಕ್ಷ್ಮಿ ಹಿಂದಕ್ಕೆ ಕೂಗಿ, ಮತ್ತೆ ಜಿಪಿಎಸ್‌ನ ಪುಟ್ಟ ಪರದೆಯ ಕಡೆ ನೋಡಿದಳು. ಗಾಳಿಯನ್ನು ಸೀಳಿಕೊಂಡು ಹೋಗುವ ವೇಗ ಎಂದಿನಷ್ಟೇ ಇತ್ತು. ನೆಲದ ಮೇಲೆ ವಿಮಾನ ಸರಿಯುತ್ತಿದ್ದ ವೇಗ ಮಾತ್ರ ಅದರ ಅರ್ಧಕ್ಕೆ ಇಳಿದಿತ್ತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಎರಡು ದಿನ ಜಡಿಮಳೆ ಸುರಿಸಿ ಹೋಗಿತ್ತು. ಆಕಾಶ ತೊಳೆದಿಟ್ಟಂತಿದ್ದರೂ ಮೇಲಿನ ಈಶಾನ್ಯದ ಗಾಳಿ ಇನ್ನೂ ತಗ್ಗಿರಲಿಲ್ಲ. ಕೆಳಗೆ ಕನಕಪುರ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೊರಟ ಕೆಂಪು ಬಸ್ಸೊಂದು ಅವಳಿಗೆ ಸರಿಸಮವಾಗಿ ಓಡುತ್ತಿತ್ತು.

ಹಿಂದೆ ಸೀಟುಗಳಿರಲಿಲ್ಲ. ನಾಲ್ವರು ಬೆನ್ನಿಗೆ ಪ್ಯಾರಾಚೂಟ್ ಬಿಗಿದುಕೊಂಡು ಒತ್ತೊತ್ತಾಗಿ ನೆಲದ ಮೇಲೆ ಕೂತಿದ್ದರು. ಬಾಗಿಲ ಬಳಿ ಮುಜೀಬ್. ಚನ್ನಪಟ್ಟಣದವನು, ಸೈನ್ಯದಲ್ಲಿ ವರ್ಷಗಟ್ಟಲೆ ಜಿಗಿದು ಬಂದು, ಈಗ ಮರಳವಾಡಿ ಹತ್ತಿರದ ಈ ಖಾಸಗಿ ಏರ್‌ಸ್ಟ್ರಿಪ್‌ನಲ್ಲಿ ಸ್ಕೈಡೈವಿಂಗ್ ಕಲಿಸುವವನು. ಅವನ ಪಕ್ಕ ಬೆಂಗಳೂರಿನ ಇಬ್ಬರು ಶಿಷ್ಯರು. ಆ ಮೂವರು ಕೈ ಕೈ ಹಿಡಿದು ಒಟ್ಟಿಗೆ ಹಾರುವವರು. ಅವರ ನಂತರ ಒಬ್ಬನೇ ಹಾರಬೇಕಾದವನು ಬೀರೇಶ, ವರಲಕ್ಷ್ಮಿಯ ತಮ್ಮ.

ಮೊದಲ ಗುಂಪು ಹೋದ ಮೇಲೆ ಎರಡನೆಯವನು ತಡೆದು ಹಾರಬೇಕು. ಇಲ್ಲದಿದ್ದರೆ ಪ್ಯಾರಾಚೂಟ್ ಬಿಚ್ಚುವ ಎತ್ತರದಲ್ಲಿ ಇಬ್ಬರೂ ಒಂದೇ ಜಾಗದಲ್ಲಿರುತ್ತಾರೆ. ಎಷ್ಟು ತಡೆಯಬೇಕು ಎಂಬುದಕ್ಕೆ ಮುಜೀಬನದು ಒಂದೇ ಲೆಕ್ಕ: ಆರು ಸೆಕೆಂಡು. ಶೆಡ್ಡಿನ ನೆಲದ ಮೇಲೆ ಸುಣ್ಣದಲ್ಲಿ ಬಾಗಿಲು ಬರೆದು, ಅದರ ಅಂಚಿನಲ್ಲಿ ಶಿಷ್ಯರನ್ನು ನಿಲ್ಲಿಸಿ, "ಬಾಗಿಲೊಂದು, ಬಾಗಿಲೆರಡು" ಎಂದು ಆರರವರೆಗೆ ಹೇಳಿಸಿ ನೆಗೆಸುತ್ತಿದ್ದ. ನೂರಾರು ಸಲ ಹೇಳಿಸಿದ್ದ. ಬೀರೇಶ ಊಟಕ್ಕೆ ಕೂತಾಗಲೂ ತಟ್ಟೆಯ ಅಂಚಿಗೆ ಬೆರಳು ಬಡಿದು ಅದನ್ನೇ ಹೇಳಿಕೊಳ್ಳುವುದನ್ನು ಕಂಡು ಅವರವ್ವ ಭದ್ರಮ್ಮ, "ಎಷ್ಟ್ ಬಾಗಿಲು ಕಟ್ಟುಸ್ತೀಯೋ ಮನೆಗೆ?" ಎಂದು ರೇಗಿಸಿದ್ದಳು.

ಹೋದ ಭಾನುವಾರವೂ ಮೇಲೆ ಗಾಳಿ ಇತ್ತು. ವಿಮಾನ ತೆವಳುತ್ತಿರುವುದನ್ನು ನೋಡಿ ವರಲಕ್ಷ್ಮಿ ಹಿಂದಕ್ಕೆ ತಿರುಗಿ ಹತ್ತು ಎಣಿಸುವಂತೆ ಹೇಳಿದ್ದಳು. ಬೀರೇಶ ತಲೆಯಾಡಿಸಿದ್ದ. ಆದರೆ ಆರಕ್ಕೇ ಹಾರಿದ್ದ. ಅವನ ಪ್ಯಾರಾಚೂಟ್ ಬಿಚ್ಚಿಕೊಂಡಾಗ ಮುಜೀಬನ ಪ್ಯಾರಾಚೂಟಿನ ಬಟ್ಟೆ ಅವನ ಕಾಲ ಕೆಳಗೇ ಇತ್ತು. ಬಲಗಡೆಗೆ ಎಳೆದು ತಪ್ಪಿಸಿಕೊಂಡ. ನೆಲಕ್ಕೆ ಬಂದ ಮೇಲೆ ಹೆಲ್ಮೆಟ್ ಕಳಚಿ ಶೆಡ್ಡಿನ ಹೊರಗೆ ಕೂತ.

"ಹತ್ತು ಅಂದಿದ್ದೆ ಅಲ್ವೇನ್ಲಾ?" ಎಂದು ಅಕ್ಕ ಕೇಳಿದಳು.

"ನೀ ಯೋಳಿದ್ದೆ ಕಣಕ್ಕ. ಆರು ಅಂತಿದ್ದಂಗೆ ಕಾಲು ತಾನೇ ಆಚೆಗೆ ಹೊಂಟೋಯ್ತು."

ಇವತ್ತು ಬೆಳಿಗ್ಗೆ ಅವಳು ಮುಜೀಬನಿಗೆ ಬೇರೆ ದಾರಿ ಹೇಳಿದ್ದಳು. ಯಾವಾಗಲೂ ಗಾಳಿಗೆ ಎದುರಾಗಿ, ಕನಕಪುರ ರಸ್ತೆಗುಂಟ ಹೋಗಿ ಜನರನ್ನು ಇಳಿಸುವುದು ಇಲ್ಲಿನ ರೂಢಿ. ಅದರ ಬದಲು ಗಾಳಿಗೆ ಅಡ್ಡವಾಗಿ, ಮರಳವಾಡಿ ಕಡೆಯಿಂದ ರಸ್ತೆಯನ್ನು ದಾಟುವಂತೆ ಹೋದರೆ ನೆಲದ ಮೇಲಿನ ವೇಗ ಇಷ್ಟು ಕುಸಿಯುವುದಿಲ್ಲ, ಆರು ಎಣಿಸಿದರೇ ಸಾಕು.

"ಅವ್ವ ನೇಗ್ಲಿಂದೆ ರಾಗಿ ಮಧ್ಯದ ಅಕ್ಕಡಿ ಸಾಲಿಗೆ ಅವರೆ ಬೀಜ ಬುಡೋಳು ಮುಜೀಬಣ್ಣ. ಎತ್ತು ನಿಧಾನಕ್ಕೆ ಹೋಗ್ತಾ ಇದ್ರೂ ಕೈ ಅದೇ ಜೋರಲ್ಲಿ ಬುಟ್ರೆ ಏನಾಯ್ತದೆ? ಒಂದ್ರ ಮೇಲೊಂದು ಬೀಳ್ತದೆ."

"ನಮ್ಮನ್ನ ಅವರೆಕಾಳು ಮಾಡ್ಬುಟ್ಟಲ್ಲಮ್ಮ! ನಾವು ಬೊಂಬೆ ಮಾಡೋ ಊರೋರು, ನಂಗೆ ನೇಗಿಲ ಲೆಕ್ಕ ಹೇಳ್ಬ್ಯಾಡ." ಮುಜೀಬ್ ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ: "ರಸ್ತೆ ಮೇಲೆ ಇಳ್ಸಿದ್ರೆ ನನ್ ಹುಡುಗ್ರು ರಸ್ತೆ ನೋಡ್ಕಂಡು ಮನೆಗೆ ಬತ್ತಾರೆ. ಅಡ್ಡ ಹೋಗೋದಾದ್ರೆ ಗಾಳಿ ಬರೋ ಕಡೆಗೆ ಎಷ್ಟು ಸರಿದು ಇಳಿಸ್ಬೇಕು ಅಂತ ನಿಂಗೆ ಸರಿಯಾಗಿ ಗೊತ್ತಿರ್ಬೇಕು. ಒಸಿ ತಪ್ಪುದ್ರೂ ಕಲ್ಲು ಕ್ವಾರಿ ಐತೆ ಈ ಕಡೆ. ರಸ್ತೆಗುಂಟಾನೇ ಹೋಗು. ಬೀರೇಶ ಹತ್ತು ಎಣಿಸ್ತಾನೆ. ಏನ್ಲಾ?"

"ಎಣಿಸ್ತೀನಿ ಸರ್," ಎಂದಿದ್ದ ಬೀರೇಶ.

ಮುಜೀಬನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಗಾಳಿಗೆ ಅಡ್ಡವಾಗಿ ಹೋಗುವ ಗೆರೆಯನ್ನು ಅವಳು ನಕ್ಷೆಯಲ್ಲಿ ಲೆಕ್ಕ ಹಾಕಿದ್ದಳೇ ಹೊರತು ಒಮ್ಮೆಯೂ ಹಾರಿ ನೋಡಿರಲಿಲ್ಲ.

ಈಗ ಹತ್ತು ಸಾವಿರದ ಹತ್ತಿರ ಬಂದಾಗ ಅವಳು ಮತ್ತೊಮ್ಮೆ ಹಿಂದೆ ನೋಡಿದಳು. ಬೀರೇಶ ಕಣ್ಣು ಮುಚ್ಚಿ ಕೂತಿದ್ದ. ತುಟಿ ಅಲುಗುತ್ತಿತ್ತು. ಬಲಗೈ ಬೆರಳು ಮೊಣಕಾಲಿಗೆ ಬಡಿಯುತ್ತಿತ್ತು: ಒಂದು, ಎರಡು, ಮೂರು. ಆರಕ್ಕೆ ಬಂದು ಇಡೀ ಮೈ ಸಣ್ಣಗೆ ಮುಂದಕ್ಕೆ ವಾಲಿ ನಿಂತಿತು. ಅವನು ಕಣ್ಣು ಬಿಟ್ಟು, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿ, ಮತ್ತೆ ಮೊದಲಿನಿಂದ ಶುರುಮಾಡಿದ. ಮತ್ತೆ ಆರಕ್ಕೇ ವಾಲಿದ.

ವರಲಕ್ಷ್ಮಿ ವಿಮಾನವನ್ನು ಬಲಕ್ಕೆ ತಿರುಗಿಸಿದಳು.

ಸೂರ್ಯನ ಬೆಳಕು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಜರುಗಿದ್ದೇ ಮುಜೀಬ್ ಮಂಡಿಯ ಮೇಲೆ ತೆವಳಿಕೊಂಡು ಮುಂದೆ ಬಂದು ಅವಳ ಕಿವಿಯ ಹತ್ತಿರ ಬಾಗಿದ. "ಎಲ್ಲಿಗಮ್ಮ?"

"ಅಡ್ಡ ಹೋಗ್ತೀನಿ. ಅವನಿಗೆ ಹತ್ತು ಬರಲ್ಲ, ಆರೇ ಬರೋದು. ನೋಡಿ ಬೇಕಾದ್ರೆ."

ಮುಜೀಬ್ ಹಿಂದೆ ನೋಡಲಿಲ್ಲ. ಪರದೆಯ ಮೇಲಿನ ಅಂಕಿಯನ್ನು ನೋಡಿದ. ಮುಖ ಬಿಗಿಯಾಯಿತು. "ಗೆರೆ ನಿಂದು. ಬಾಗಿಲು ನಂದು. ಕೆಳಗೆ ನೋಡ್ತೀನಿ, ನಂಗೆ ಸರಿ ಕಾಣಲಿಲ್ಲ ಅಂದ್ರೆ ಬಾಗಿಲು ಮುಚ್ಚಿ ಎಲ್ಲಾರ್ನೂ ವಾಪಸ್ ಕರ್ಕೊಂಡೋಗ್ತೀನಿ."

"ಸರಿ."

"ಆಮೇಲೆ ಕೆಳಗೆ ಬಾ, ಮಾತಾಡೋದೈತೆ."

ಅವಳು ಮರಳವಾಡಿಯನ್ನು ಬಲರೆಕ್ಕೆಯ ಕೆಳಗೆ ಬಿಟ್ಟು, ವಾಯವ್ಯಕ್ಕೆ ಸಾಗಿದಳು. ಗಾಳಿ ಪಕ್ಕದಿಂದ ತಳ್ಳುತ್ತಿದ್ದುದರಿಂದ ಮೂತಿಯನ್ನು ಓರೆ ಹಿಡಿಯಬೇಕಾಗಿತ್ತು. ವಿಮಾನ ಒಂದು ಕಡೆ ನೋಡುತ್ತ ಇನ್ನೊಂದು ಕಡೆಗೆ ಹೋಗುತ್ತಿತ್ತು. ಪರದೆಯ ಮೇಲೆ ಅಂಕಿ ಏರಿ, ಎಂದಿನ ದಿನಗಳ ವೇಗದ ಹತ್ತಿರ ಬಂದು ನಿಂತಿತು. ಏರ್‌ಸ್ಟ್ರಿಪ್ ಎಡಗಡೆ, ಹಿಂದಿನ ದಿನಗಳಲ್ಲಿ ಎಂದೂ ಕಾಣದಷ್ಟು ದೂರದಲ್ಲಿ ಕಂಡಿತು. ಅವಳು ಎಂಜಿನ್ ತಗ್ಗಿಸಿ ಕೈ ಎತ್ತಿದಳು.

ಬಾಗಿಲು ತೆರೆದುಕೊಂಡಿತು. ಚಳಿ ಒಳಗೆ ನುಗ್ಗಿತು. ಮುಜೀಬ್ ತಲೆಯನ್ನು ಹೊರಗೆ ಹಾಕಿ ಕೆಳಗೆ ನೋಡಿದ. ಬಹಳ ಹೊತ್ತು ನೋಡಿದನೆಂದು ಅವಳಿಗೆ ಅನ್ನಿಸಿತು. ಅವನು ಕೈ ಬೀಸಿ ಬಾಗಿಲು ಮುಚ್ಚಿಬಿಡಲಿ ಎಂದು ಒಂದು ಗಳಿಗೆ ಬಯಸಿದಳು ಕೂಡ. ಅವನು ಒಳಗೆ ತಿರುಗಿ ಶಿಷ್ಯರ ತೋಳು ಹಿಡಿದ. ಮೂವರೂ ಒಟ್ಟಿಗೆ ಕಾಣೆಯಾದರು. ವಿಮಾನ ಹಗುರಾಗಿ ಮೇಲಕ್ಕೆ ಚಿಮ್ಮಿತು.

ಬೀರೇಶ ಬಾಗಿಲಂಚಿಗೆ ಬಂದ. ಅವಳು ತಿರುಗಿ ನೋಡಲಿಲ್ಲ, ಗೆರೆ ಹಿಡಿಯಬೇಕಿತ್ತು. ಅವನ ಎಣಿಕೆ ಗದ್ದಲದಲ್ಲಿ ಕೇಳುವಂತಿರಲಿಲ್ಲ, ಆದರೆ ಅವಳ ಬಾಯೊಳಗೂ ಅದೇ ನಡೆದಿತ್ತು. ಬಾಗಿಲಾರು ಎನ್ನುವಷ್ಟರಲ್ಲಿ ವಿಮಾನ ಇನ್ನೊಮ್ಮೆ ಹಗುರಾಯಿತು.

ಅವಳು ರೆಕ್ಕೆ ವಾಲಿಸಿ ಕೆಳಗೆ ನೋಡಿದಳು. ಮೊದಲು ಏನೂ ಕಾಣಲಿಲ್ಲ. ಹಿಪ್ಪುನೇರಳೆ ತೋಟಗಳ ಹಸಿರು, ಕೊಯ್ದ ರಾಗಿ ಹೊಲಗಳ ಕಂದು, ಕ್ವಾರಿಯ ಬಿಳಿ ಗಾಯ. ಆಮೇಲೆ ಮುಜೀಬನ ಹಳದಿ, ಶಿಷ್ಯರ ಎರಡು ನೀಲಿ ಬಟ್ಟೆಗಳು ಬಿಚ್ಚಿಕೊಂಡವು. ನಾಲ್ಕನೆಯದಕ್ಕಾಗಿ ಅವಳು ಅವುಗಳ ಮೇಲೆ, ಕೆಳಗೆ, ಪಕ್ಕದಲ್ಲಿ ಹುಡುಕಿದಳು. ಇರಲಿಲ್ಲ. ಅದು ಅವಳು ಹುಡುಕದೇ ಇದ್ದ ಕಡೆ, ವಾಯವ್ಯಕ್ಕೆ, ನಡುವೆ ಒಂದು ದೊಡ್ಡ ಕೆರೆ ಹಿಡಿಸುವಷ್ಟು ಜಾಗ ಬಿಟ್ಟು ಕೆಂಪಗೆ ತೂಗುತ್ತಿತ್ತು.

ಆದರೆ ಬಿಚ್ಚಿಕೊಂಡ ಮೇಲೂ ಎಲ್ಲವೂ ಅವಳ ಲೆಕ್ಕಕ್ಕಿಂತ ಜೋರಾಗಿ ತೇಲತೊಡಗಿದವು. ಗಾಳಿ ಅವಳು ಎಣಿಸಿದ್ದಕ್ಕಿಂತ ಕೆಳಗಿನವರೆಗೂ ಇತ್ತು. ಕೆಂಪು ಬಟ್ಟೆ ತಕ್ಷಣ ತಿರುಗಿ ಏರ್‌ಸ್ಟ್ರಿಪ್‌ಗೆ ಮುಖ ಮಾಡಿತು. ನೀಲಿಯವೆರಡಕ್ಕೆ ಅಷ್ಟು ಶಕ್ತಿಯಿರಲಿಲ್ಲ. ಅವು ಏರ್‌ಸ್ಟ್ರಿಪ್ ದಾಟಿ ಕ್ವಾರಿಯ ಕಡೆಗೆ ಸರಿದವು. ಹಳದಿ ಬಟ್ಟೆ ವಾಪಸ್ ಬರಬಹುದಿತ್ತು. ಬರಲಿಲ್ಲ, ಸುತ್ತು ಹಾಕಿ ಅವುಗಳ ಹಿಂದೆಯೇ ಹೋಯಿತು.

ಅವಳು ವಿಮಾನ ಇಳಿಸಿ ಶೆಡ್ಡಿಗೆ ಬಂದ ಎಷ್ಟೋ ಹೊತ್ತಿನ ಮೇಲೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೇಲರಿನಲ್ಲಿ ರಾಗಿ ಹುಲ್ಲಿನ ಮೇಲೆ ಇಬ್ಬರು ಶಿಷ್ಯರೂ ನಗುತ್ತ ಕೂತಿದ್ದರು. ಮುಜೀಬ್ ನಗುತ್ತಿರಲಿಲ್ಲ. ಹಳದಿ ಬಟ್ಟೆಯನ್ನು ಮಗುವಿನಂತೆ ತಬ್ಬಿಕೊಂಡು ಇಳಿದು ಬಂದ. ಪ್ಯಾಂಟಿನ ತುಂಬ ಉತ್ತರಾಣಿ ಮುಳ್ಳು.

"ಕ್ವಾರಿ ಬೇಲಿ ಎಷ್ಟು ದೂರ ಇತ್ತು ಗೊತ್ತಾ?" ಎಂದ. "ನಿಂತ್ಕಂಡು ಉಗುಳಿದ್ರೆ ಆ ಕಡೆ ಬೀಳೋದು."

"ಇನ್ನೂ ಒಸಿ ಗಾಳಿ ಕಡೆಗೆ ಸರೀಬೇಕಾಗಿತ್ತು. ನಂದೇ ತಪ್ಪು."

"ನಿಂದೇ." ಅವನು ಮಡಿಚಿದ ಪ್ಯಾಂಟಿನಿಂದ ಒಂದು ಮುಳ್ಳು ಕಿತ್ತು ಎಸೆದ. ಇನ್ನೊಂದು ಕಿತ್ತ. "ಅವನೆಲ್ಲಿದ್ದ, ಬಿಚ್ಚಿದಾಗ?"

"ದೂರ ಇದ್ದ."

"ನೋಡ್ದೆ." ಮುಜೀಬ್ ಶೆಡ್ಡಿನ ಒಳಗೆ ಇಣುಕಿದ. "ಮಧ್ಯಾಹ್ನ ಇನ್ನೊಂದು ಲೋಡ್ ಹಾರ್ಸೋದು ಬೇಡ. ಎಲ್ಲಾ ಊಟ ಮಾಡ್ಲಿ. ನೀನು ನಿನ್ ಗೆರೆ ತಂದು ತೋರಿಸು, ಕೂತ್ಕಂಡು ನೋಡಾಣ."

ಅವನು ನಲ್ಲಿಯ ಕಡೆಗೆ ಹೋದ. ವರಲಕ್ಷ್ಮಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಬೀರೇಶ ತನ್ನ ಕೆಂಪು ಬಟ್ಟೆಯನ್ನು ನೆಲಕ್ಕೆ ಹಾಸಿ, ಮಡಿಕೆ ಹಾಕಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನು ಹೊರದೂಡಲು ಅದರ ಮೇಲೆ ಬೋರಲು ಮಲಗಿದ್ದ.

"ಎಷ್ಟಕ್ಕೋದೆ?" ಎಂದು ಕೇಳಿದಳು.

"ಹತ್ತಕ್ಕೆ," ಎಂದ ಬೀರೇಶ, ಮುಖ ಎತ್ತದೆ.

ಬಟ್ಟೆಯ ಇನ್ನೊಂದು ತುದಿಯಲ್ಲಿ ಉಬ್ಬು ಹಾಗೇ ನಿಂತಿತ್ತು. ಅವಳು ಮಂಡಿಯೂರಿ ಅದರ ಮೇಲೆ ಎರಡೂ ಅಂಗೈ ಇಟ್ಟು ಒತ್ತಿದಳು. ಗಾಳಿ ಅವಳ ಕೈಯಡಿಯಿಂದ ಜಾರಿ ಬೀರೇಶನ ಎದೆಯ ಕಡೆಗೆ ಸರಿಯಿತು. ಅವನು ಒತ್ತಿದಾಗ ಮತ್ತೆ ಅವಳ ಕಡೆಗೆ ಬಂತು. ಎರಡು ಮೂರು ಸಲ ಹಾಗೆ ಆಚೀಚೆ ಓಡಾಡಿ, ಕೊನೆಗೆ ಮಡಿಕೆಯ ಅಂಚಿನಲ್ಲಿ ಸಣ್ಣಗೆ ಉಸಿರು ಬಿಟ್ಟಂತೆ ಹೊರಟುಹೋಯಿತು. ಬಟ್ಟೆ ನೆಲಕ್ಕೆ ಅಂಟಿಕೊಂಡು ಮಲಗಿತು.