ಕೇಳದೆ ಬದಲಾದ ದನಿ

ಬಸ್ ಕಂಡಕ್ಟರಾಗಿದ್ದಷ್ಟು ಕಾಲವೂ ಅವನಿಗೆ ಗುಡುಗು ಎಂದೇ ಹೆಸರು. ಹಿಂದಿನ ಬಾಗಿಲಲ್ಲಿ ನಿಂತು "ಒಳಗೆ ನಡೀರಿ" ಎಂದು ಕೂಗಿದರೆ ಪಕ್ಕದ ಬಸ್ಸಿನವರೂ ಒಳಗೆ ಸರಿಯುತ್ತಿದ್ದರು. ಅಂಥ ಗಂಟಲಿಗೇ ಕಾಯಿಲೆ ಬಂತು. ಡಾಕ್ಟರು ಜೀವ ಉಳಿಸಿ ದನಿ ತೆಗೆದುಕೊಂಡರು. ಮಗಳು ಒಂದು ಲ್ಯಾಪ್‌ಟಾಪ್ ತಂದು, ಅಪ್ಪ ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದಿ ಹೇಳುವಂತೆ ಮಾಡಿಕೊಟ್ಟಳು. ಬಗೆಬಗೆಯ ದನಿ ಕೇಳಿಸಿಕೊಂಡು, ಬೇಡ ಬೇಡ ಎಂದು ಕೈಯಾಡಿಸಿ, ಕೊನೆಗೆ ಗುಡುಗು ಆರಿಸಿಕೊಂಡದ್ದು ತನ್ನಂತೆಯೇ ಗಡಸಾದ, ಒಂಚೂರು ಜಗಳಗಂಟ ದನಿಯನ್ನು.

ಆ ದನಿಗೆ ಈವತ್ತು ಕೆಲಸವಿತ್ತು. ಕಟ್ಟಡದ ಮಾಲೀಕ ರಿಪೇರಿಯ ನೆಪ ಹೇಳಿ ಲಿಫ್ಟಿಗೆ ಬೀಗ ಜಡಿದು ತಿಂಗಳುಗಳಾಗಿದ್ದವು. ಈಗ ಅದನ್ನು ಪೂರ್ತಿ ಕಿತ್ತುಹಾಕುವ ಮಾತು. ಅದಕ್ಕೇ ಬಾಡಿಗೆಯವರನ್ನೆಲ್ಲ ಬೆಳಿಗ್ಗೆ ಕೆಳಗೆ ಕರೆದಿದ್ದ. ಗುಡುಗಿನ ಮನೆ ನಾಲ್ಕನೇ ಮಹಡಿಯಲ್ಲಿ. ಹೆಂಡತಿಗೆ ಮಂಡಿ ಮಡಚಲು ಬಾರದು. ಲಿಫ್ಟ್ ನಿಂತಂದಿನಿಂದ ಅವಳು ಬೀದಿ ಕಂಡಿರಲಿಲ್ಲ.

ಅವನು ಲ್ಯಾಪ್‌ಟಾಪ್ ತೆರೆದ. ತೆರೆಯ ತುಂಬ ನೀಲಿ. "ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸುತ್ತಿದ್ದೇವೆ. ದಯವಿಟ್ಟು ಆಫ್ ಮಾಡಬೇಡಿ." ಹಿಂದೆಲ್ಲ 'ಆಮೇಲೆ' ಎಂದು ಒಂದು ಗುಂಡಿ ಇರುತ್ತಿತ್ತು, ಈ ಸಲ ಅದನ್ನೂ ನುಂಗಿ ನೀರು ಕುಡಿದಿದ್ದರು. ಉತ್ತಮ ಮಾಡಿಕೊಡಿ ಎಂದು ಇವರ ಬಾಗಿಲಿಗೆ ಹೋಗಿ ಅತ್ತವರು ಯಾರೋ! ಮನೆ ನಮ್ಮದು, ಮೇಜು ನಮ್ಮದು, ದುಡ್ಡು ಕೊಟ್ಟು ತಂದ ಯಂತ್ರ ನಮ್ಮದು. ಯಜಮಾನಿಕೆ ಮಾತ್ರ ಎಲ್ಲೋ ಕೂತ ಇನ್ಯಾರದೋ. ಗುಡುಗು ಮೇಜನ್ನು ಗುದ್ದಿದ. ನೀಲಿಗೆ ಅದರಿಂದ ಏನೂ ಆಗಲಿಲ್ಲ.

ಕೊನೆಗೂ ಅದು ಎಚ್ಚರಾಯಿತು. "ಮುಗೀತಾ ನಿನ್ನ ಉದ್ಧಾರ?" ಎಂದು ಟೈಪ್ ಮಾಡಿ ಒತ್ತಿದ. ಯಂತ್ರದೊಳಗಿಂದ ಹದಿನೆಂಟರ ಹುಡುಗಿಯೊಬ್ಬಳು, ಸೋಪು ಮಾರುವವಳಂತೆ ನಗುನಗುತ್ತ ಅದನ್ನೇ ಕೇಳಿದಳು. ಹಳೆಯ ದನಿಯನ್ನು ಹುಡುಕಿದರೆ, "ಹೊಸ ಆವೃತ್ತಿಯಲ್ಲಿ ಲಭ್ಯವಿಲ್ಲ" ಎಂಬ ಉತ್ತರ.

ಹೆಂಡತಿ ಮೊದಲು ಕಿಸಕ್ಕನೆ ನಕ್ಕಳು. ಗಂಡನ ಮುಖ ನೋಡಿ ತುಟಿ ಕಚ್ಚಿಕೊಂಡು ಮಗಳಿಗೆ ಫೋನ್ ಹಚ್ಚಿದಳು.

"ಹಳೇದನ್ನ ವಾಪಸ್ ತರಬಹುದಮ್ಮ, ಆದ್ರೆ ನಾನೇ ಬಂದು ಮಾಡಬೇಕು. ಸಂಜೆ ಬರ್ತೀನಿ," ಎಂದಳು ಮಗಳು.

"ಹೋಗ್ಲಿ ಬಿಡ್ರಿ," ಎಂದಳು ಹೆಂಡತಿ. "ಈ ದನೀಲಿ ಮಾತಾಡಿದ್ರೆ ಎಲ್ರೂ ನಗ್ತಾರೆ. ನಾನೇನು ಕೆಳಗಿಳಿದು ರಾಜ್ಯ ಆಳ್ಬೇಕಾ?"

ಗುಡುಗು ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿ ಮೆಟ್ಟಿಲಿಳಿದ.

ಕೆಳಗೆ ಮಾಲೀಕ ಲಿಫ್ಟಿನ ಮುಂದೆ ನಿಂತು, "ಯಾರೂ ಮಾತಾಡ್ತಿಲ್ಲ ಅಂದ್ರೆ ಎಲ್ರೂ ಒಪ್ಪಿದ ಹಾಗೇನೇ," ಎಂದು ಮಂಗಳ ಹಾಡುವುದರಲ್ಲಿದ್ದ. ಗುಡುಗು ಕುರ್ಚಿ ಎಳೆದುಕೊಂಡು ಕೂತು, ಟೈಪ್ ಮಾಡಿ ಗುಂಡಿ ಒತ್ತಿದ.

"ಲಿಫ್ಟ್ ಕೀಳೋಕೆ ನಾವು ಬಿಡಲ್ಲ," ಎಂದಳು ಹುಡುಗಿ, ಸಕ್ಕರೆ ಸುರಿಯುವಂತೆ.

ಎಲ್ಲರೂ ಗೊಳ್ಳೆಂದು ನಕ್ಕರು. "ಏನಮ್ಮಾ, ಮದುವೆಗೆ ಗಂಡು ಗೊತ್ತಾಯ್ತಾ ನಿಂಗೆ?" ಎಂದ ಮಾಲೀಕ.

ಗುಡುಗಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಯಂತ್ರವನ್ನು ಎತ್ತಿ ಗೋಡೆಗೆ ಬಡಿಯಬೇಕೆನ್ನಿಸಿತು. ಆದರೆ ಬೆರಳು ಹಟ ಹಿಡಿದಿತ್ತು. ಮತ್ತೆ ಒತ್ತಿದ. "ಲಿಫ್ಟ್ ಕೀಳೋಕೆ ನಾವು ಬಿಡಲ್ಲ." ಮತ್ತೆ. ಮಾಲೀಕ ಏರುದನಿಯಲ್ಲಿ ಗದರಿದ. ಹುಡುಗಿ ಅದೇ ನಯದಲ್ಲಿ ಅದನ್ನೇ ಹೇಳಿದಳು. ಅವಳಿಗೆ ಗಂಟಲು ಕಟ್ಟುವುದಿಲ್ಲ, ಸಿಟ್ಟು ನೆತ್ತಿಗೇರುವುದಿಲ್ಲ. ಸ್ವಂತ ಗಂಟಲಾಗಿದ್ದರೆ ಗುಡುಗು ಇಷ್ಟು ಹೊತ್ತಿಗೆ ಮಾಲೀಕನ ಅಂಗಿ ಹಿಡಿದು, ನ್ಯಾಯವೆಲ್ಲ ಅವನ ಕಡೆಗೇ ದಾಟಿಸಿಬಿಟ್ಟಿರುತ್ತಿದ್ದ. ಇದು ಗುಡುಗಿಗೂ ಗೊತ್ತಾಯಿತು.

ಅವನು ದನಿಯನ್ನು ಪೂರ್ತಿ ಜೋರು ಮಾಡಿ, ಹೊಸದಾಗಿ ಟೈಪ್ ಮಾಡಿದ.

"ನನ್ನ ಹೆಂಡತಿ ಮೇಲೆ ಒಬ್ಬಳೇ ಕೂತಿದಾಳೆ. ಅವಳು ಜೊತೆಗಿಲ್ಲದೆ ನಂಗೆ ಬೀದೀಲಿ ಹೆಜ್ಜೆ ಇಡೋಕೆ ಮನಸ್ಸಾಗಲ್ಲ. ಅವಳು ಇಳಿಯೋ ತನಕ ನಾನು ಇಲ್ಲಿಂದ ಏಳಲ್ಲ."

ಮಾತು ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ಮೇಲಕ್ಕೇರಿ ಹೋಯಿತು. ನಗುತ್ತಿದ್ದವರು ನಗು ಬಿಟ್ಟರು. ಎರಡನೇ ಮಹಡಿಯ ಟೈಲರಮ್ಮ ಬಂದು ಅವನ ಪಕ್ಕದಲ್ಲಿ ನೆಲದ ಮೇಲೇ ಕೂತಳು. "ನಾನೂ ಏಳಲ್ಲ ಕಣ್ರಿ. ಏನ್ ಮಾಡ್ತೀರೋ ಮಾಡಿ," ಎಂದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಗುಡುಗು ಒತ್ತುತ್ತಲೇ ಇದ್ದ.

"ಸಾಕು ಮಾರಾಯ! ಕೀಳಲ್ಲ, ಆಯ್ತಾ? ಮೊದಲು ಆ ಹುಡುಗಿ ಬಾಯಿ ಮುಚ್ಸು!" ಮಾಲೀಕ ಬೀಗದ ಕೈ ಎಸೆದು ಹೊರಟುಹೋದ. ಬೀಗ ತೆಗೆದು ಸ್ವಿಚ್ ಹಾಕಿದರೆ ಲಿಫ್ಟಿಗೆ ಯಾವ ರೋಗವೂ ಇರಲಿಲ್ಲ.

ಗುಡುಗು ಮೇಲೆ ಹೋದಾಗ ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಕೈಹಿಡಿದು ಲಿಫ್ಟಿನೊಳಗೆ ಕರೆದುಕೊಂಡ. ಬಾಗಿಲು ಮುಚ್ಚಿತು.

"ರೀ, ಕೆಳಗೆ ಹೇಳ್ತಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ," ಎಂದಳು ಅವಳು. "ಇಷ್ಟು ವರ್ಷ ನಿಮ್ಮ ಗುಡುಗೇ ಕೇಳ್ಕೊಂಡ್ ಬಂದೆ. ಅಂಥ ಮಾತು ಒಂದು ದಿನಾನೂ ಕೇಳಿರ್ಲಿಲ್ಲ."

ಅವನ ಬೆರಳು ಗುಂಡಿಯ ಹತ್ತಿರ ಹೋಗಿ ನಿಂತಿತು. ಊರೆಲ್ಲ ಆ ಹುಡುಗಿ ಬಾಯಲ್ಲಿ ಕೇಳಲಿ. ಇವಳಿಗೆ ಹೇಳುವುದನ್ನು ಅವಳ ಕೈಗೆ ಕೊಡಲು ಅವನು ಸಿದ್ಧನಿರಲಿಲ್ಲ. ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದ. ಹೆಂಡತಿಯ ಕಡೆ ತಿರುಗಿ, ಬಾಯಿ ತೆರೆದು, ದನಿಯಿಲ್ಲದೆಯೇ ಆ ಮಾತುಗಳನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಅವಳು ಅವನ ತುಟಿಗಳನ್ನೇ ನೋಡುತ್ತ, ಒಂದೊಂದು ಮಾತಿಗೂ "ಹ್ಞೂಂ" ಎಂದಳು.