ಗಡಿಕಲ್ಲಿನ ಮೇಲಿನ ಬುತ್ತಿ

ಕೊಪ್ಪಳದ ನಮ್ಮ ಓಣಿಯಲ್ಲಿ ಇಲಿಗಳು ಸತ್ತು ಬಿದ್ದ ಮೇಲೆ ಮೂರು ದಿನ ಹಳ್ಳಿ ಹಳ್ಳಿ ಅಲೆದೆ. ಪ್ಲೇಗಿನ ಊರಿನವರೆಂದು ಯಾರೂ ದನದ ಕೊಟ್ಟಿಗೆಯಲ್ಲೂ ಜಾಗ ಕೊಡಲಿಲ್ಲ. ನಾನು ಕೇಳಿದ್ದಾದರೂ ಏನು? ಬೆಳಿಗ್ಗೆ ನಡೆದು ಹತ್ತಿ ಗಿರಣಿ ಮುಟ್ಟುವಷ್ಟು ದೂರದಲ್ಲಿ, ಗಾಳಿಯಾಡುವ ಒಂದು ಮನೆ.

ನಾಲ್ಕನೆಯ ದಿನ ಸಿಕ್ಕಿತು. ಒಂದು ಹಳ್ಳಿಯ ಹೊರಗೆ, ಬೇವಿನ ಮರದ ಕೆಳಗೆ, ಪಕ್ಕದಲ್ಲೇ ಸಿಹಿನೀರಿನ ಬಾವಿ. ಹೆಂಡತಿ ಅನ್ನಮ್ಮ ಕೂಸನ್ನು ಬಗಲಲ್ಲಿಟ್ಟುಕೊಂಡೇ ಅಂಗಳ ಗುಡಿಸತೊಡಗಿದಳು.

ಅಷ್ಟರಲ್ಲಿ ಊರಗೌಡ ಬಂದ.

"ದಿನಾ ಕೊಪ್ಪಳಕ್ಕ ಹೋಗಿ ಬರಾಂವೇನು ನೀ?"

"ಹೌದ್ರಿ ಗೌಡ್ರ. ಗಿರಣಿ ಬಿಟ್ರ ಹೊಟ್ಟಿಗೆ ಏನ್ ಮಾಡೂದ್ರಿ?"

ಗೌಡ ಹಾದಿಯ ಗಡಿಕಲ್ಲಿನತ್ತ ಕೈ ತೋರಿಸಿದ. "ಹಂಗಾರ ತಾಯಿ-ಕೂಸು ಇಲ್ಲೇ ಇರ್ಲಿ. ನೀ ಆ ಗಡಿಕಲ್ಲು ದಾಟಬ್ಯಾಡ. ಬ್ಯಾನಿ ತರ್ತಿ."

ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದವನು ಕೂಸಿನ ಮುಖ ನೋಡಿ ಮುಚ್ಚಿದೆ.

ಅಂದಿನಿಂದ ಗಿರಣಿಯ ಹತ್ತಿ ಮೂಟೆಗಳ ಮೇಲೆಯೇ ಮಲಗುತ್ತೇನೆ. ಸಂಜೆ ಗಡಿಕಲ್ಲಿನವರೆಗೆ ನಡೆದು ಹೋಗುತ್ತೇನೆ. ಅನ್ನಮ್ಮ ಕಲ್ಲಿನ ಮೇಲೆ ರೊಟ್ಟಿಯ ಗಂಟು ಇಟ್ಟು, ಇಪ್ಪತ್ತು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ. ಕೂಸು ನನ್ನ ಕಡೆ ಕೈ ಚಾಚಿ ಅಳುತ್ತದೆ. ಆ ಗೌಡನಿಗೆ ನಾನು ಹಾಕದ ಶಾಪವಿಲ್ಲ.

ನಿನ್ನೆ ಜ್ವರ ಬಂತು. ಇವತ್ತು ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತು. ಆದರೂ ಹೋದೆ. ಕಲ್ಲಿನಿಂದ ದೂರವೇ ನಿಂತೆ, ಗಂಟನ್ನು ಮುಟ್ಟಲಿಲ್ಲ.

"ಯಾಕ್ರಿ, ಏನಾತು?" ಎನ್ನುತ್ತ ಅನ್ನಮ್ಮ ಕೂಸಿನೊಂದಿಗೆ ಮುಂದೆ ಓಡಿ ಬಂದಳು.

ನಾನು ನೆಲದಿಂದ ಒಂದು ಕಲ್ಲೆತ್ತಿ ಅವಳತ್ತ ಬೀಸಿದೆ.

"ಗಡಿಕಲ್ಲು ದಾಟಬ್ಯಾಡ!"